ಬಿದಿರು, ಕಾಗದ, ಈರಪ್ಪ

ದಾಂಡೇಲಿಗೆ ಬಂದ ಮೊದಲ ವಾರವೇ ನಾನು ತೀರಿಹೋದವರೊಬ್ಬರಿಗೆ ಕೈಮುಗಿದು "ಚೆನ್ನಾಗಿದ್ದೀರಾ?" ಎಂದು ಕೇಳಿದೆ.

ಆದದ್ದು ಹೀಗೆ. ಕಾಗದದ ಗಿರಣಿಯವರ ವಸತಿಯಾದ ಬಂಗೂರನಗರದಲ್ಲಿ ನಮಗೆ ಸಿಕ್ಕಿದ್ದು ಒಂದು ಸಾಲಿನ ಕೊನೆಯ ಮನೆ. ಪಕ್ಕದ ಮನೆಯ ಶಾಂತವ್ವನನ್ನು ಆಗಿನ್ನೂ ಬೇಲಿಯಾಚೆಯಿಂದ ನೋಡಿದ್ದೆ ಅಷ್ಟೆ. ಅವತ್ತು ಬೆಳಿಗ್ಗೆ ಅವರ ಬಾಗಿಲ ಮುಂದೆ ಚಪ್ಪಲಿಗಳ ರಾಶಿ, ಒಳಗೆ ಭಜನೆ. ಏನೋ ಪೂಜೆ ಇರಬೇಕು, ಮೈಸೂರಿನವಳಿಗೆ ಬಿಂಕ ಅಂದುಕೊಳ್ಳದಿರಲಿ, ಹೋಗಿ ಮುಖ ತೋರಿಸಿ ಬರೋಣ ಎಂದು ತಲೆ ಬಾಚಿಕೊಂಡು ಹೋದೆ. ನಡುಮನೆಯಲ್ಲಿ ಒಬ್ಬ ಹಿರಿಯರು ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ತಲೆಗೆ ರುಮಾಲು, ಹಣೆ ತುಂಬ ವಿಭೂತಿ, ಕೊರಳಲ್ಲಿ ತೊಡೆಯವರೆಗೆ ಹಾರ. ಯಾರೋ ಸ್ವಾಮಿಗಳು ಬಂದಿದ್ದಾರೆ ಎಂದುಕೊಂಡು ನೇರ ಅವರ ಮುಂದೆ ಹೋಗಿ ಕ್ಷೇಮ ಕೇಳಿದೆ. ಉತ್ತರ ಬರಲಿಲ್ಲ. ಕಿವಿ ಮಂದವೇನೋ ಎಂದು ಇನ್ನೊಮ್ಮೆ ಜೋರಾಗಿ ಕೇಳಿದೆ. ಭಜನೆ ನಿಂತುಹೋಯಿತು. ಶಾಂತವ್ವ ಬಂದು ನನ್ನ ಮೊಣಕೈ ಹಿಡಿದುಕೊಂಡಳು.

"ಅಕ್ಕಾರ, ಅವ್ರು ನಮ್ಮ ಮಾವನೋರು. ನಸಿಕಿನ್ಯಾಗ ಲಿಂಗೈಕ್ಯ ಆದ್ರು. ಈ ಕಡೆ ಬರ್ರಿ, ಕುಂದರ್ರಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ನಮ್ಮ ಮೈಸೂರಿನಲ್ಲೂ ಲಿಂಗವಂತರಿಲ್ಲದೆ ಇಲ್ಲ, ಅವರೂ ಹೀಗೆಯೇ ಕೂರಿಸಿ ಮಣ್ಣು ಮಾಡುತ್ತಾರೆ ಎಂದು ಕೇಳಿದ್ದೆ. ಆದರೆ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳನ್ನು ಸಾವಿನ ಮನೆಯ ಬೀದಿಗೂ ಬಿಡುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಮಲಗಿದ ಸಾವು, ಚಟ್ಟ, ಬೆಂಕಿ, ಆಮೇಲೆ ಹೊಳೆಗೆ ಬಿಡುವ ಬೂದಿ. ಇಲ್ಲಿ ಸತ್ತವರು ಎದ್ದು ಕೂತು ನೆಂಟರಿಷ್ಟರನ್ನು ಎದುರುಗೊಳ್ಳುತ್ತಾರೆ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ನಾಚಿಕೆಯಿಂದ ಮೈ ಬೆವೆತಿತ್ತು. ಕೆಲವು ದಿನ ಕಳೆದು ಶಾಂತವ್ವನೇ ಬೇಲಿಯ ಹತ್ತಿರ ಬಂದು, "ಮನಸ್ಸಿಗೆ ಹಚ್ಕೋಬ್ಯಾಡ್ರಿ. ಹೋಗೂಮುಂದ ಒಬ್ರರ ಅವರ ಆರಾಮ ಕೇಳಿದ್ರಲ್ಲ" ಎಂದಳು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ನಾನು ಮೈಸೂರಿನಲ್ಲಿ ಚಿತ್ರ ಮತ್ತು ಮೂರ್ತಿಯ ಕೆಲಸ ಕಲಿತವಳು. ನಮ್ಮವರಿಗೆ ಕಾಗದದ ಗಿರಣಿಯ ಲ್ಯಾಬೊರೇಟರಿಯಲ್ಲಿ ಕೆಲಸವಾಯಿತು, ಟ್ರಂಕು ಕಟ್ಟಿಕೊಂಡು ಹೊರಟೆವು. ಅಳ್ನಾವರದಲ್ಲಿ ಗಾಡಿ ಬದಲಿಸಿ ಕಾಡಿನ ನಡುವೆ ಕುಲುಕಾಡುತ್ತ ಬರುವಾಗ ಒಂದು ವಾಸನೆ ಮೂಗಿಗೆ ಬಡಿಯಿತು, ಎಲೆಕೋಸು ಬೇಯಲು ಇಟ್ಟು ಮರೆತು ಹೋದ ಹಾಗೆ. ಎದುರಿಗಿದ್ದವರ ಬುತ್ತಿ ಹಳಸಿದೆ ಎಂದುಕೊಂಡು ಸೆರಗು ಮುಚ್ಚಿಕೊಂಡೆ. ಅದು ಬಿದಿರು ಬೇಯುವ ವಾಸನೆ. ಊರಿನವರನ್ನು ಕೇಳಿದರೆ "ಯಾವ ವಾಸನಿ ರೀ?" ಎನ್ನುತ್ತಿದ್ದರು. ಮರುವರ್ಷ ನಮ್ಮಮ್ಮ ಮೈಸೂರಿನಿಂದ ಬಂದಿಳಿದು ಮೂಗು ಮುಚ್ಚಿಕೊಂಡಾಗ ನಾನೂ "ಯಾವ ವಾಸನೆ?" ಎಂದುಬಿಟ್ಟೆ. ಅಮ್ಮ ನನ್ನನ್ನು ನೋಡಿದ ನೋಟ ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

ಮಾತು ಇನ್ನೊಂದು ಪಾಡು. ನಾನು "ಸ್ವಲ್ಪ ಮೊಸರು ಸಿಗಬಹುದೇನಮ್ಮ?" ಎಂದು ಕೇಳುವಷ್ಟರಲ್ಲಿ ಮೊಸರಿನವಳು ಮುಂದಿನ ಮನೆಗೆ ಹೋಗಿರುತ್ತಿದ್ದಳು. "ಅಕ್ಕಾರ, ನಿಮ್ಮ ಕನ್ನಡ ಭಾಳ ಮೆತ್ತಗ. ಹಲ್ಲಿಲ್ಲದವ್ರಿಗೆ ಮಾಡಿದಂಗ ಐತಿ" ಎಂದು ಶಾಂತವ್ವ ಕಾಡುತ್ತಿದ್ದಳು. ಸೂಪಾ, ಜೋಯಿಡಾ ಕಡೆಯಿಂದ ಬರುವ ಹೆಂಗಸರದು ಕೊಂಕಣಿ, ಹಳಿಯಾಳದ ಸಂತೆಯಲ್ಲಿ ಅರ್ಧ ಮಾತು ಮರಾಠಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಪ್ಪಟ ಕನ್ನಡದ್ದೇ ಒಂದು ಮಾತು. ಇಲ್ಲಿ ಅಂತ್ಯಸಂಸ್ಕಾರಕ್ಕೆ ಹೋಗುವುದಕ್ಕೆ "ಮಣ್ಣಿಗೆ ಹೋಗುವುದು" ಎನ್ನುತ್ತಾರೆ. ಸಂತೆಗೆ ಹೋಗಿದ್ದೆ ಅನ್ನುವಷ್ಟು ಸಲೀಸಾಗಿ "ಮಣ್ಣಿಗೆ ಹೋಗಿದ್ನಿ" ಎನ್ನುತ್ತಾರೆ. ಹೆಂಗಸರೂ ಹೋಗುತ್ತಾರೆ, ಗುಂಡಿಯ ಅಂಚಿಗೆ ನಿಂತು ತಮ್ಮ ಕೈಯಿಂದಲೇ ಒಂದು ಹಿಡಿ ಹಾಕಿ ಬರುತ್ತಾರೆ.

ಹೊಟ್ಟೆಗೆ ಈ ಊರು ಬೇಗ ಒಗ್ಗಿತು. ರೊಟ್ಟಿ ಬಡಿಯಲು ಕಲಿತೆ, ನನ್ನ ರೊಟ್ಟಿ ಇಂಡಿಯಾದ ನಕಾಶೆಯಂತಿದ್ದರೂ ನಮ್ಮವರು ತಿಂದರು. ಒಗ್ಗದೆ ಹೋದದ್ದು ಮಧ್ಯಾಹ್ನಗಳು. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕು ಗೊತ್ತಿಲ್ಲ. ಮೈಸೂರಿನಲ್ಲಿ ಮನಸ್ಸು ಕೆಟ್ಟರೆ ಕಾಲು ತಾನಾಗಿ ಯಾವುದಾದರೂ ಗೆಳತಿಯ ಮನೆಗೆ ಕರೆದೊಯ್ಯುತ್ತಿತ್ತು. ಇಲ್ಲಿ ಕಾಲಿಗೆ ದಾರಿಗಳು ಗೊತ್ತಿರಲಿಲ್ಲ. ಕಾಳಿ ಹೊಳೆಯವರೆಗೆ ಹೋಗುವುದು, ಬಿದಿರು ತುಂಬಿದ ಲಾರಿಗಳು ಸಾಲಾಗಿ ನಿಂತದ್ದನ್ನು ನೋಡುವುದು, ಹಿಂದಿರುಗುವುದು. ಮನೆಯೊಳಗೂ ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಡುಗೆಮನೆಗೆ ಓಡಾಟ. "ಒಂದು ಕಡೆ ಕೂತ್ಕೋಬಾರದಾ, ನನಗೇ ತಲೆ ಸುತ್ತುತ್ತೆ" ಎಂದು ನಮ್ಮವರು ಹೇಳುತ್ತಿದ್ದರು. ಕೂತುಕೊಳ್ಳಲು ಕೆಲಸ ಬೇಕಿತ್ತು. ಇಲ್ಲಿಯ ಕೆಂಪು ಮಣ್ಣು ಮೂರ್ತಿಗೆ ಬರುತ್ತಿರಲಿಲ್ಲ, ಒಣಗಿದರೆ ಬಿರಿಯುತ್ತಿತ್ತು. ಬಣ್ಣಗಳು ಹುಬ್ಬಳ್ಳಿಯಿಂದ ಬರಬೇಕು, ಬಂದರೂ ಒಣಗಿ ಕಲ್ಲಾಗಿರುತ್ತಿದ್ದವು.

ದಾರಿ ತೋರಿದ್ದು ಶಾಂತವ್ವನ ಬುಟ್ಟಿ. ಈ ಕಡೆಯ ಹೆಂಗಸರು ರದ್ದಿ ಕಾಗದವನ್ನು ನೀರಲ್ಲಿ ಕೊಳೆಹಾಕಿ, ಮೆಂತೆ ಸೇರಿಸಿ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಗಡಿಗೆಯ ಮೇಲೆ ಮೆತ್ತಿ ಬುಟ್ಟಿ ಮಾಡುತ್ತಾರೆ. ಮೆಂತೆಯ ಕಹಿಗೆ ಹುಳು ಬರುವುದಿಲ್ಲ. ಒಣಗಿದ ಮೇಲೆ ಬಡಿದರೆ ಠಣ್ಣೆನ್ನುವಷ್ಟು ಗಟ್ಟಿ, ಎತ್ತಿದರೆ ಕೈಯಲ್ಲಿ ಏನೂ ಇಲ್ಲವೆನ್ನುವಷ್ಟು ಹಗುರ. ಆ ಬುಟ್ಟಿಯ ಹೊಟ್ಟೆಯ ಮೇಲೆ ಕೈಯಾಡಿಸಿದಾಗ ಇದು ಚರ್ಮ ಎನ್ನಿಸಿತು. ಅವತ್ತೇ ಮೇದಾರರ ಓಣಿಗೆ ಹೋಗಿ ಬಿದಿರಿನ ಸೀಳು ತಂದೆ. ಬಿದಿರು ಎಲುಬು. ಹಳೆಯ ಗೋಣಿತಾಟು ಮಾಂಸ. ಶಾಂತವ್ವನ ಕೌದಿಯಿಂದ, ಅಂದರೆ ಚಿಂದಿ ಸೇರಿಸಿ ಹೊಲಿದ ಹೊದಿಕೆಯಿಂದ, ಹರಿದ ತುಂಡುಗಳು ನರ. ಮೇಲೆ ಮೆಂತೆ ವಾಸನೆಯ ಕಾಗದದ ಚರ್ಮ. ಮೈಸೂರಿನಲ್ಲಿ ನಮಗೆ ಕಲ್ಲೆಂದರೆ ಕಲ್ಲು, ಮಣ್ಣೆಂದರೆ ಮಣ್ಣು, ಒಂದರೊಳಗೆ ಇನ್ನೊಂದನ್ನು ಬೆರೆಸಿದರೆ ಮೇಷ್ಟ್ರು ಬಯ್ಯುತ್ತಿದ್ದರು. ಇಲ್ಲಿ ಬೆರೆಸದೆ ಗತಿಯಿರಲಿಲ್ಲ, ಬೆರೆಸುತ್ತ ಹೋದಂತೆ ಖುಷಿಯೂ ಹತ್ತಿತು.

ಆಳೆತ್ತರದ ಒಂದು ಆಕೃತಿ ಮಾಡಿದೆ, ಕುಳಿತ ಗಂಡಸು. ಮುಖಕ್ಕೆ ಕಣ್ಣು ಮೂಗು ತಿದ್ದಲಿಲ್ಲ. ಅಂಗೈ ಎರಡೂ ತೊಡೆಯ ಮೇಲೆ ಮೇಲ್ಮುಖವಾಗಿ ಖಾಲಿ. ಬೆನ್ನು ಎಲ್ಲಿಯೂ ಒರಗದಂತೆ ಮುಂದಕ್ಕೆ ಚೂರು ಬಾಗಿಸಿದೆ, ಯಾರಾದರೂ ಕರೆದರೆ ಎದ್ದು ಹೊರಡುವವನಂತೆ. ಊರು ಬಿಟ್ಟು ಬಂದವರು ಹೀಗೇ ಕೂರುತ್ತಾರೆ ಎಂದು ನನ್ನ ಲೆಕ್ಕ. ಕೂತಿರುತ್ತಾರೆ, ಬೆನ್ನು ಕೊಟ್ಟಿರುವುದಿಲ್ಲ. ಅದು ನನ್ನ ಮೈಯೇ, ಗಂಡಸಾಗಿ ಮಾಡಿ ಮುಚ್ಚಿಟ್ಟುಕೊಂಡಿದ್ದೆ. ನಮ್ಮ ಮೇಷ್ಟ್ರಿಗೆ ಫೋಟೊ ತೆಗೆಸಿ ಕಳಿಸಿದೆ. ಬೆಂಗಳೂರಿನಲ್ಲಿ ಒಂದು ಪ್ರದರ್ಶನವಿದೆ, ಕೂಡಲೇ ಕಳಿಸು, ಇಷ್ಟು ದಿನ ಸತ್ತಿದ್ದೀಯೇನೋ ಅಂದುಕೊಂಡಿದ್ದೆ ಎಂದು ಅವರು ಬರೆದರು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಬಡಗಿಯನ್ನು ಕರೆಸಿ ದೊಡ್ಡ ಪೆಟ್ಟಿಗೆ ಮಾಡಿಸಿದೆವು. ಬೆಂಗಳೂರಿಗೆ ಹೋಗುವ ಲಾರಿಯೊಂದರಲ್ಲಿ ಜಾಗವೂ ಸಿಕ್ಕಿತು.

ಸಾಲಿನ ಮನೆಗಳವರೆಲ್ಲ ಅಷ್ಟು ಹೊತ್ತಿಗೆ ನನ್ನ ನಡುಮನೆಗೆ ಬರುವುದು ಬಿಟ್ಟಿದ್ದರು. ಬೂದು ಬಣ್ಣದ ಮೈ, ಚಕ್ಕಳಮಕ್ಕಳ ಹಾಕಿ ಕೂತದ್ದು. ಅವರ ಕಣ್ಣಿಗೆ ಅದು ಏನೆಂದು ಕಂಡಿರಬೇಕು ನೀವೇ ಊಹಿಸಿ. "ಬದುಕಿದ ಮನ್ಯಾಗ ಹಿಂತಾದ್ದು ಕುಂದರಸಬಾರದ್ರಿ" ಎಂದು ಶಾಂತವ್ವ ಕೂಡ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದಳು. ಅವಳು ಒಳಗೆ ಬಂದದ್ದು ಪೆಟ್ಟಿಗೆ ಸಿದ್ಧವಾದ ಮರುದಿನ. ಜೊತೆಗೆ ಅವಳ ತಂಗಿ ನೀಲವ್ವ.

ನೀಲವ್ವನ ಕಥೆ ಸಾಲಿಗೆಲ್ಲ ಗೊತ್ತಿತ್ತು. ಹಳಿಯಾಳದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಗಂಡ ಈರಪ್ಪ ಬಿತ್ತನೆ ಮುಗಿಸಿ ಸೂಪಾದ ಕಡೆ ಬಿದಿರು ಕಡಿಯಲು ಹೋಗುತ್ತಿದ್ದ. ಹಿಂದಿನ ಮಳೆಗಾಲದಲ್ಲಿ ಕಾಳಿ ದಾಟುವಾಗ ದೋಣಿ ಮಗುಚಿತು. ಉಳಿದವರು ಈಜಿ ದಡ ಸೇರಿದರು, ಅವನು ಸಿಗಲಿಲ್ಲ. ಹೊಳೆಯಲ್ಲಿ ಮೊಸಳೆಗಳಿವೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವನ ತಾಯಿ ಮಾತ್ರ, ಮಗ ಗೋವಾದ ಕಡೆ ದುಡಿಯಲು ಹೋಗಿದ್ದಾನೆ, ಬರುತ್ತಾನೆ ಎಂದು ಹಟ ಹಿಡಿದು ಕೂತಿದ್ದಳು. ಮನೆಯಲ್ಲಿ ಯಾವ ವಿಧಿಯೂ ನಡೆದಿರಲಿಲ್ಲ.

ನೀಲವ್ವ ಆಕೃತಿಯ ಮುಂದೆ ಮಂಡಿಯೂರಿ ಕೂತು ಬಹಳ ಹೊತ್ತು ನೋಡಿದಳು.

"ಇವ್ರ ಕೈಯಾಗ ಏನ ಇಡಾಂವ್ರದೀರಿ, ಅಕ್ಕಾರ?"

"ಏನೂ ಇಲ್ಲ. ಖಾಲಿ ಇರಲಿ ಅಂತಲೇ ಮಾಡಿರೋದು."

"ಖಾಲಿ ಯಾಕ್ರಿ?"

ಪ್ರದರ್ಶನದಲ್ಲಿ ಹೇಳಲು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತುಗಳು ನನ್ನ ಬಾಯಿಗೆ ಬಂದವು. "ಇದು ಮನುಷ್ಯ ಅಲ್ಲ ನೀಲವ್ವ. ಒಂದು ಅರ್ಥ. ಊರು ಬಿಟ್ಟವರು ಹೇಗಿರ್ತಾರೆ ಅನ್ನೋದನ್ನ ಮೈಯಿಂದ ಹೇಳೋಕೆ ನೋಡಿದೀನಿ. ಇದು ಬಿದಿರು, ಕಾಡಿನಿಂದ ಬಂದದ್ದು. ಇದು ಕಾಗದ, ಅದೂ ಬಿದಿರಿಂದಲೇ ಆದದ್ದು. ಅಂದರೆ…"

ನನ್ನ ಮಾತು ಮುಗಿಯುವವರೆಗೂ ಅವಳು ಕೇಳಿದಳು. ಆಮೇಲೆ ಸೊಂಟದಿಂದ ಒಂದು ಸಣ್ಣ ಬಟ್ಟೆಯ ಗಂಟು ತೆಗೆದು ನೆಲದ ಮೇಲಿಟ್ಟಳು.

"ನನಗ ಅರ್ಥ ಬ್ಯಾಡ್ರಿ ಅಕ್ಕಾರ. ಮೈ ಬೇಕು."

ಗಂಟಿನಲ್ಲಿದ್ದದ್ದು ಈರಪ್ಪನ ಇಷ್ಟಲಿಂಗ. ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆಯ ಮುಚ್ಚಳ ಸಡಿಲವಾಗಿತ್ತಂತೆ. ಅದನ್ನು ಸರಿಮಾಡಲು ಹಳಿಯಾಳದ ಪತ್ತಾರನಿಗೆ ಕೊಟ್ಟು, ಲಿಂಗವನ್ನು ದೇವರ ಜಗಲಿಯ ಮೇಲಿಟ್ಟು ಅವನು ಹೋಗಿದ್ದ. ಮನುಷ್ಯ ಹೋದರೆ ಎಡಗೈಯಲ್ಲಿ ಅವನ ಲಿಂಗವನ್ನಿಟ್ಟು ಕೂರಿಸಿ ಮಣ್ಣು ಕೊಡಬೇಕು. ಇಲ್ಲಿ ಲಿಂಗ ಉಳಿದಿದೆ, ಇಡಲು ಕೈಯಿಲ್ಲ. ಶಾಂತವ್ವ ಇದನ್ನೆಲ್ಲ ಬಿಡಿಸಿ ಹೇಳಿದಳು. ಹೊಳೆಗೆ ಬಿಡಿ ಎಂದು ಊರ ಹಿರಿಯರು ಹೇಳಿದ್ದರಂತೆ.

"ಹೊಳಿ ಅವರ್ನ ತಿಂದೈತ್ರಿ. ಲಿಂಗಾನೂ ಅದಕ ಕೊಡ್ಲೇನು?" ಎಂದಳು ನೀಲವ್ವ. "ಅತ್ತಿ ದಿನಾ ಎರಡು ರೊಟ್ಟಿ ಮುಚ್ಚಿಡ್ತಾರ್ರಿ ಅವರ ಹೆಸರ್ಲೆ. ಮುಂಜಾನೆ ಅವನ್ನ ದನಕ್ಕ ಹಾಕಾಕಿ ನಾನು. ನಾ ಗಂಡನ್ನ ಕಳಕೊಂಡಾಕಿ ಅಲ್ಲ, ಗಂಡ ಇದ್ದಾಕೀನೂ ಅಲ್ಲ. ಅಳಾಕೂ ಬಿಡವಲ್ರು."

ನನಗೆ ಸಿಟ್ಟು ಬಂತು. ಹೌದು, ಮೊದಲು ಬಂದದ್ದು ಸಿಟ್ಟೇ. ಎಷ್ಟೋ ಕಾಲದ ಮೇಲೆ ನನ್ನ ಕೈಯಿಂದ ಒಂದು ಕೆಲಸ ಆಗಿದೆ, ಅದನ್ನು ಹೂಳಲು ಕೇಳುತ್ತಿದ್ದಾರೆ! ಬೇಕಾದರೆ ಇನ್ನೊಂದು ಮಾಡಿಕೊಡುತ್ತೇನೆ, ಕಾಗದ ಕೊಳೆಯಬೇಕು, ಒಣಗಬೇಕು, ಮಳೆ ಮುಗಿದ ಮೇಲೆ ನೋಡೋಣ ಎಂದೆ. "ಆಗಲ್ರಿ" ಎಂದು ನೀಲವ್ವ ಗಂಟು ಕಟ್ಟಿಕೊಂಡಳು. ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. ಅವರು ಹೋದ ಮೇಲೆ ಮನೆಯೆಲ್ಲ ಸುತ್ತಿದೆ. ನಮ್ಮವರು ಬಂದಾಗ ಊಟಕ್ಕೂ ಬಡಿಸದೆ ಎಲ್ಲ ಹೇಳಿದೆ.

"ನಿನ್ನದು. ಏನು ಮಾಡಿದರೂ ಸರಿ" ಎಂದರು.

"ಸರಿ ಅನ್ನೋದು ಉತ್ತರವಲ್ಲ!"

"ಮತ್ತೇನು ಹೇಳಲಿ? ಕೊಡು ಅಂದರೆ ನಾಳೆ ನನ್ನ ಮೇಲೆ ಹೇಳ್ತೀಯ. ಕೊಡಬೇಡ ಅಂದರೆ ಇವತ್ತೇ ಹೇಳ್ತೀಯ."

ಮರುದಿನ ಬೆಳಿಗ್ಗೆ ನೀಲವ್ವ ಒಬ್ಬಳೇ ಬಂದಳು, ಹಳ್ಳಿಗೆ ಹೊರಡುವ ಮುಂಚೆ ಇನ್ನೊಮ್ಮೆ ನೋಡಿಹೋಗಲು. ನೋಡಿದಳು. ಹೊರಡಲು ಎದ್ದವಳು, "ಇವ್ರ ಎಡಗಡೆ ಹೆಗಲು ಸಮ ಐತಿ. ನಮ್ಮವ್ರದು ಇಳದಿತ್ತು. ಬಿದಿರು ಹೊತ್ತು ಹೊತ್ತು" ಎಂದಳು. ಬೇರೇನೂ ಕೇಳಲಿಲ್ಲ.

ಎಷ್ಟು ಇಳಿದಿತ್ತು ಎಂದು ನಾನೇ ಕೇಳಿದೆ. ಕೇಳಬಾರದಿತ್ತೋ ಏನೋ. ಕೆಲಸದವರ ಚಾಳಿ ಅದು, ಒಂದು ಹೆಗಲಿನ ವಿಷಯ ಕಿವಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ಅವಳು ತನ್ನ ಹೆಗಲನ್ನು ಇಳಿಸಿ ತೋರಿಸಿದಳು. ನಾನು ಆಕೃತಿಯ ಹೆಗಲನ್ನು ಕೊಯ್ದು, ಒಳಗಿನ ಬಿದಿರನ್ನು ನೆನೆಸಿ ಬಗ್ಗಿಸಿ ಕಟ್ಟಿದೆ. ಇನ್ನೂ ಚೂರು, ಎಂದಳು. ಇನ್ನೂ ಚೂರು ಇಳಿಸಿದೆ. ಕುತ್ತಿಗೆ ಹೀಗೆ ಈ ಕಡೆ ವಾಲುತ್ತಿತ್ತು, ಎಂದಳು. ಅವಳೂ ಸೆರಗು ಕಟ್ಟಿ ಕಾಗದದ ಮುದ್ದೆ ಮೆತ್ತಲು ಕೂತಳು. ಮೆತ್ತುತ್ತ ಮೆತ್ತುತ್ತ ಅವನ ಮೇಲೆ ಚಾಡಿ ಹೇಳತೊಡಗಿದಳು. ಬಲು ಸಿಟ್ಟಿನವನು, ಸಾರಿಗೆ ಉಪ್ಪು ಕಡಿಮೆಯಾದರೆ ತಾಟು ಸರಿಸಿ ಏಳುತ್ತಿದ್ದ, ಹಾಡಲು ಬಾರದಿದ್ದರೂ ಭಜನೆಯಲ್ಲಿ ಎಲ್ಲರಿಗಿಂತ ಜೋರು ಅವನದೇ ದನಿ. ಮಧ್ಯಾಹ್ನದ ಹೊತ್ತಿಗೆ ಶಾಂತವ್ವ ಹುಡುಕಿಕೊಂಡು ಬಂದವಳು ಹೊಸ್ತಿಲಲ್ಲೇ ನಿಂತು ಬಾಯಿಗೆ ಸೆರಗು ಹಿಡಿದಳು.

ಆ ಹೆಗಲು ಇಳಿದ ಮೇಲೆ ಅದನ್ನು ಬೆಂಗಳೂರಿಗೆ ಕಳಿಸುವ ಮಾತೇ ಇರಲಿಲ್ಲ. ದಾನ ಮಾಡಿದೆ, ತ್ಯಾಗ ಮಾಡಿದೆ ಎಂದು ದಯವಿಟ್ಟು ತಿಳಿಯಬೇಡಿ. ಊರು ಬಿಟ್ಟವನೊಬ್ಬನನ್ನು ನಾನು ಮಾಡಿದ್ದೆ, ಈಗ ಅಲ್ಲಿ ಈರಪ್ಪ ಕೂತಿದ್ದ. ಈರಪ್ಪನನ್ನು ಪೆಟ್ಟಿಗೆಯಲ್ಲಿ ಹಾಕಿ ಲಾರಿಗೆ ಏರಿಸಲು ಆಗುತ್ತದೆಯೇ? ಬಡಗಿಯ ಪೆಟ್ಟಿಗೆಯಲ್ಲಿ ಈಗ ನಾವು ಸೌದೆ ಇಟ್ಟುಕೊಂಡಿದ್ದೇವೆ.

ಶಾಂತವ್ವನ ಗಂಡ ಹಳಿಯಾಳದವರೆಗೆ ಒಂದು ವ್ಯಾನು ಗೊತ್ತು ಮಾಡಿದ. ಅಲ್ಲಿಂದ ಎತ್ತಿನ ಗಾಡಿ. ನಾನೂ ನಮ್ಮವರೂ ಹೋದೆವು. ದಾರಿಯುದ್ದಕ್ಕೂ ಕಬ್ಬಿನ ಗದ್ದೆ, ನಡುವೆ ಗಾಡಿಯಲ್ಲಿ ಕಂಬಳಿ ಹೊದ್ದು ಕೂತ ಈರಪ್ಪ, ಅವನು ಬೀಳದಂತೆ ಹಿಡಿದುಕೊಂಡು ನೀಲವ್ವ. ಎದುರಿಗೆ ಬಂದವರು ಗಾಡಿ ಇಳಿದು ಚಪ್ಪಲಿ ಬಿಟ್ಟು ನಿಂತರು. ಅವರಿಗೆ ಇದು ಕಾಗದವೆಂದು ಹೇಳಬೇಕೇ ಬೇಡವೇ ನನಗೆ ತಿಳಿಯಲಿಲ್ಲ.

ಈರಪ್ಪನ ತಾಯಿ ಬಾಳವ್ವ ಬಾಗಿಲಿಗೆ ಅಡ್ಡವಾಗಿ ಕೋಲು ಹಿಡಿದು ನಿಂತಿದ್ದಳು. ಸಣಕಲು ಮುದುಕಿ, ದನಿ ಮಾತ್ರ ದೊಡ್ಡದು. "ಗೊಂಬಿ ತಂದಾರ ಗೊಂಬಿ! ನನ್ನ ಮಗ ಜೀವಂತ ಅದಾನ. ಯಾರರ ಒಳಗ ಕಾಲಿಟ್ರ ಕಾಲು ಮುರೀತೇನಿ!" ಎಂದು ಕೂಗುತ್ತಿದ್ದಳು. ವಿಧಿ ನಡೆಸಬೇಕಾದ ಊರಿನ ಅಯ್ಯನವರು ಪಕ್ಕದಲ್ಲೇ ನಿಂತಿದ್ದರು. ಅವರಿಗೂ ಈ ಕೆಲಸ ಪೂರ್ತಿ ಮನಸ್ಸಿಗೆ ಬಂದಿರಲಿಲ್ಲ.

ಗಾಡಿಯಿಂದ ಇಳಿಸುವಾಗ ಕಂಬಳಿ ಜಾರಿತು. ಒಳಗೆ ನೀಲವ್ವ ಅವನದೇ ಧೋತರ, ಅಂಗಿ ತೊಡಿಸಿದ್ದಳು. ಅಂಗಿ ಎಡಗಡೆ ಹೆಗಲಿನಿಂದ ಜಾರಿ ಇಳಿದಿತ್ತು, ಯಾವಾಗಲೂ ಹಾಗೇ ಜಾರುತ್ತಿತ್ತಂತೆ. ಬಾಳವ್ವ ಕೂಗುತ್ತಿದ್ದವಳು ನಿಲ್ಲಿಸಿದಳು. ಕೋಲು ಗೋಡೆಗೆ ಒರಗಿಸಿದಳು. ಹತ್ತಿರ ಬಂದು ಆ ಅಂಗಿಯನ್ನು ಮೇಲೆಳೆದು ಸರಿಮಾಡಿದಳು. ಅದು ಮತ್ತೆ ಜಾರಿತು.

"ಬಂದ್ಯಾ ಈರಪ್ಪಾ" ಎಂದಳು. "ಎಷ್ಟು ಹಗರ ಆಗಿ ಬಂದ್ಯೋ ನನ್ನಪ್ಪಾ!"

ಆಮೇಲೆ ಆ ಮನೆಯಲ್ಲಿ ಎದ್ದ ಅಳುವನ್ನು ನಾನು ಬರೆಯಲಾರೆ. ವರ್ಷದಿಂದ ತಡೆಹಿಡಿದಿದ್ದ ಅಳು. ನೀಲವ್ವ ಅತ್ತೆಯ ಕೊರಳಿಗೆ ಬಿದ್ದಳು. ಅಯ್ಯನವರು ಕಣ್ಣೊರೆಸಿಕೊಂಡು ಜನಕ್ಕೆ, "ಇದು ನಾ ಕಲಿತ ಪದ್ಧತ್ಯಾಗ ಇಲ್ಲ. ಆದ್ರ ಲಿಂಗ ಎಷ್ಟು ದಿನ ಹಿಂಗ ಒಂಟಿ ಇರಬೇಕು? ಕುಂದರಸ್ರಿ" ಎಂದರು. ಗೋಡೆಯ ಗೂಟಕ್ಕೆ ಬಟ್ಟೆ ಕಟ್ಟಿ ಕೂರಿಸಿದರು, ವಿಭೂತಿ ಹಚ್ಚಿದರು, ಹಾರ ಹಾಕಿದರು. ಭಜನೆ ಶುರುವಾಯಿತು.

ಸಂಜೆಯೊಳಗೆ ಅವರದೇ ಹೊಲದ ಬದುವಿನಲ್ಲಿ ಗುಂಡಿ ತೋಡಿದ್ದರು. ಗುಂಡಿಯೊಳಗೆ ಒಂದು ಪಕ್ಕಕ್ಕೆ ಗೂಡು, ಅದರೊಳಗೆ ಕೂರಿಸಬೇಕು. ಕೂರಿಸಿದರೆ ಆಕೃತಿ ಮುಂದಕ್ಕೆ ಬಾಗುತ್ತದೆ, ನಾನು ಅದನ್ನು ಮಾಡಿದ್ದೇ ಹಾಗಲ್ಲವೇ! ಒಳಗಿಳಿದವರು "ಬೆನ್ನಿಗೆ ಆಸರ ಇಲ್ಲ" ಎಂದು ಬಿಲ್ವಪತ್ರೆಯ ರಾಶಿಯನ್ನೂ ಹುಲ್ಲಿನ ಸಿಂಬಿಯನ್ನೂ ಹಿಂದಕ್ಕೆ ತುರುಕಿದರು. ಬೇಡ, ಅದು ಹಾಗೇ ಇರಬೇಕು ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ನೀಲವ್ವ ಗುಂಡಿಗೆ ಇಳಿದು, ಅವನ ಎಡಗೈಯಲ್ಲಿ ಲಿಂಗವನ್ನಿಟ್ಟು, ಬಟ್ಟೆ ಸುತ್ತಿ ಕಟ್ಟಿದಳು. ಆ ಅಂಗೈಯನ್ನು ನಾನು ಸ್ವಲ್ಪ ಆಳವಾಗಿಯೇ ಮಾಡಿದ್ದೆ, ಯಾಕೆಂದು ಆಗ ಗೊತ್ತಿರಲಿಲ್ಲ. ಎಲ್ಲರ ಜೊತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ನನ್ನ ಬದುಕಿನ ಮೊದಲ ಹಿಡಿ ಅದು. ಕಾಗದದ ಮೇಲೆ ಮಣ್ಣು ಬಿದ್ದರೆ ಹೇಗೆ ಸದ್ದಾಗುತ್ತದೆ ಎಂದು ಮಾಡಿದವಳಿಗೆ ಗೊತ್ತು.

ಬೆಂಗಳೂರಿನ ಪ್ರದರ್ಶನ ನಾನಿಲ್ಲದೆ ನಡೆಯಿತು. ಮೈಸೂರಿಗೆ ಹೋದಾಗ ಮೇಷ್ಟ್ರು ಮುಖ ಕೊಟ್ಟು ಮಾತಾಡಲಿಲ್ಲ. "ಇಷ್ಟು ವರ್ಷದಲ್ಲಿ ಏನು ಮಾಡಿದೆಯಮ್ಮ ಅಲ್ಲಿ?" ಎಂದು ನೆಂಟರು ಕೇಳಿದರೆ ತೋರಿಸಲು ನನ್ನ ಬಳಿ ಮಸುಕು ಫೋಟೊ ಒಂದಿತ್ತು, ಅದರಲ್ಲಿಯೂ ಹೆಗಲು ಸಮನಾಗಿತ್ತು. ನಾನು ಯಾರಿಗೂ ತೋರಿಸಲಿಲ್ಲ. ತವರಿನ ಜಗಲಿಯಲ್ಲಿ ಕೂತು ಎರಡು ದಿನ ಕಳೆಯುವಷ್ಟರಲ್ಲಿ ಕಾಲು ಚಡಪಡಿಸತೊಡಗಿತು. ಅಮ್ಮ ಬಡಿಸಿದ ಸಾರು ಸಪ್ಪೆ, ಎಲ್ಲರ ಮಾತೂ ಅತಿ ಮೆತ್ತಗೆ. "ಸಾಕ್ರಿ" ಎಂದು ಬಾಯಿ ತಪ್ಪಿ ಅಂದದ್ದಕ್ಕೆ ತಮ್ಮಂದಿರು ವಾರವೆಲ್ಲ ಅಣಕಿಸಿದರು. ಊರು ತಲುಪಿದೆ ಎಂದು ಸಮಾಧಾನವಾದದ್ದು ಹಿಂದಿರುಗುವಾಗ ಅಳ್ನಾವರದಲ್ಲಿ. ಅದು ನನ್ನ ಊರೇ ಅಲ್ಲ, ಆದರೂ ಆಯಿತು. ದಾಂಡೇಲಿ ತಲುಪಿದ ಮರುದಿನದಿಂದಲೇ ಮೈಸೂರು ಬೇಕು ಎನಿಸಿತು.

ಈಗೀಗ ಮುಂಡಗೋಡದ ಕಡೆ ಟಿಬೆಟ್ಟಿನ ಜನ ಬಂದಿದ್ದಾರೆ. ಕಾಡು ಸವರಿ ಮನೆ ಕಟ್ಟಿಕೊಳ್ಳುತ್ತಿದ್ದಾರಂತೆ, ಗೋವಿನಜೋಳ ಬೆಳೆಯುತ್ತಾರಂತೆ. ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿಯನ್ನು ಕಂಡೆ. ಆ ಬಿಸಿಲಲ್ಲಿ ದಪ್ಪ ನಿಲುವಂಗಿ, ಕೈಯಲ್ಲಿ ಜಪಮಣಿ. ಪಕ್ಕದಲ್ಲಿ ಜಾಗವಿದ್ದರೂ ಬೆಂಚಿನ ತುದಿಯಲ್ಲಿ ಕೂತಿದ್ದಳು. ನಿಮ್ಮವರು ಯಾರಾದರೂ ಇಲ್ಲಿಯ ಮಣ್ಣಲ್ಲಿ ಇದ್ದಾರೆಯೇ ಎಂದು ಅವಳನ್ನು ಕೇಳಬೇಕೆನಿಸಿತು. ನಮ್ಮಿಬ್ಬರ ನಡುವೆ ಭಾಷೆಯೂ ಇರಲಿಲ್ಲ, ಹಾಗೆ ಕೇಳುವ ಸಲಿಗೆಯೂ ಇರಲಿಲ್ಲ. ಅವಳ ಬಸ್ಸು ಮೊದಲು ಬಂತು.

ನಾನು ಅಂದು ಹೊರಟದ್ದು ಈರಪ್ಪನ ಹಳ್ಳಿಗೆ, ಅವನ ವರ್ಷದ ದಿನಕ್ಕೆ. ಅವನು ಹೊಳೆಯಲ್ಲಿ ಹೋದ ದಿನವನ್ನು ಲೆಕ್ಕ ಹಿಡಿಯದೆ ಮಣ್ಣು ಕೊಟ್ಟ ದಿನವನ್ನೇ ಆ ಮನೆಯವರು ಹಿಡಿದಿದ್ದಾರೆ, ಪ್ರತಿ ವರ್ಷ ತಪ್ಪದೆ ನನ್ನನ್ನು ಕರೆಯುತ್ತಾರೆ. ಈ ಸಲ ಹೋಗುವಾಗ ನನ್ನ ಮನಸ್ಸು ಸರಿಯಿರಲಿಲ್ಲ. ನಮ್ಮವರಿಗೆ ಮೈಸೂರಿನ ಹತ್ತಿರವೇ ಒಂದು ಕೆಲಸ ಸಿಗುವಂತಿದೆ. ನಿರ್ಧಾರ ನನಗೆ ಬಿಟ್ಟಿದ್ದಾರೆ, ಅವರ ಎಂದಿನ ಬುದ್ಧಿಯಂತೆ. ಇಷ್ಟು ವರ್ಷ ಬೇಡಿಕೊಂಡದ್ದು ಕೈಗೆ ಬಂದಾಗ ನನಗೆ ಊಟ ಸೇರುತ್ತಿಲ್ಲ. ಮೈಸೂರಿನಲ್ಲಿ ಕೆಲಸ ಮಾಡಬಹುದು, ಮೇಷ್ಟ್ರು ಮಾತಾಡಿಸಬಹುದು, ಒಂದು ಪ್ರದರ್ಶನವೂ ಆಗಬಹುದು. ಹೋಗಲೇಬೇಕು ಎಂದು ಬೆಳಿಗ್ಗೆ ಅನಿಸಿದ್ದು ಸಂಜೆ ಉಳಿಯುವುದಿಲ್ಲ.

ಪಂಕ್ತಿಯಲ್ಲಿ ನೀಲವ್ವ ನನ್ನನ್ನು ಬೀಗರ ಸಾಲಿನಿಂದ ಎಬ್ಬಿಸಿ ಮನೆಯವರ ಸಾಲಿನಲ್ಲಿ ಕೂರಿಸಿದಳು. ಹೊಸ ಮುಖದವಳೊಬ್ಬಳು, ಈ ಮೈಸೂರ ಅಕ್ಕಾರು ಈರಪ್ಪನಿಗೆ ಏನಾಗಬೇಕು ಎಂದು ಕೇಳಿದಳು. ಬಾಳವ್ವ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ನಾ ಒಮ್ಮೆ ಹಡದೆ. ಆಕಿ ಒಮ್ಮೆ ಹಡದಾಳ" ಎಂದಳು.

ಊಟ ಮುಗಿದ ಮೇಲೆ ಹೊಲದ ಬದುವಿನವರೆಗೆ ಹೋಗಿಬಂದೆವು. ಆ ಜಾಗದ ಮೇಲೆ ಈಗ ಹುಲ್ಲು ಬೆಳೆದಿದೆ. ಒಳಗಿನ ಕಾಗದ ಮೊದಲ ಮಳೆಗೇ ಕರಗಿರುತ್ತದೆ. ಬಿದಿರು ಇನ್ನೂ ಸ್ವಲ್ಪ ಕಾಲ ಬಾಳೀತು. ನಾವು ಹೋಗಬಹುದು ಎಂಬ ಸುದ್ದಿ ಬಾಳವ್ವನಿಗೆ ಶಾಂತವ್ವನಿಂದ ಮುಟ್ಟಿತ್ತು. ಬದುವಿನ ಮೇಲೆ ಕೂತು, ಕೈ ಹಿಡಿದು ನನ್ನನ್ನೂ ಕೂರಿಸಿಕೊಂಡಳು.

"ಹೋಗಾಂವ್ರಂತಲ್ಲ, ಖರೆ ಏನ್ರಿ?"

"ಗೊತ್ತಿಲ್ಲ ಬಾಳವ್ವ. ಬಹುಶಃ."

"ಹೋಗ್ರಿ, ಹೋಗ್ರಿ. ನಿಮ್ಮ ಅವ್ವ ಹಾದಿ ನೋಡ್ತಿರ್ತಾಳ" ಎಂದಳು. ಆಮೇಲೆ ಮಣ್ಣಿನ ಕಡೆ ಕೈ ತೋರಿಸಿ, ಮಗುವನ್ನು ಬಿಟ್ಟು ದೂರ ಹೋಗುವ ತಾಯಿಗೆ ಹೇಳುವಂತೆ ಹೇಳಿದಳು, "ಇವನ ಚಿಂತಿ ಮಾಡಬ್ಯಾಡ್ರಿ. ನಾವು ನೋಡ್ಕೋತೇವಿ."